ಆಫ್ ಎಂದು ತೋರಿಸಿದ ಫೋನು

ಅತ್ತಿಗೆ ಫೋನು ಮುಟ್ಟುವುದನ್ನು ಬಿಟ್ಟು ಒಂಬತ್ತು ದಿನವಾಗಿತ್ತು. ಅಣ್ಣ ತನ್ನ ಹಳೆಯ ಫೋನಿನಿಂದ ನನಗೆ ಕರೆ ಮಾಡಿ, "ಒಂದ್ಸಲ ಬಂದೋಗವ್ವ. ಅದು ರಿಂಗಾದ್ರೆ ಸಾಕು, ಇವ್ಳು ಅಟ್ಟಿ ಬುಟ್ಟು ಆಚ್ಗೋಯ್ತಾಳೆ. ನಾನೇಳುದ್ರೆ ಕೇಳ್ತಾ ಇಲ್ಲ," ಎಂದ. ಭಾನುವಾರದವರೆಗೆ ಕಾಯದೆ ಶನಿವಾರ ಮಧ್ಯಾಹ್ನವೇ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದೆ. ನಾನು ಕೆಲಸ ಮಾಡುವುದು ಅಲ್ಲಿ. ಅಣ್ಣ ಅತ್ತಿಗೆ ಇರುವುದು ದೇವಲಾಪುರದ ಕಡೆಯ ನಮ್ಮ ಊರಿನಲ್ಲಿ. ಪಾಂಡವಪುರ ದಾಟಿ ನಾಗಮಂಗಲಕ್ಕೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ದಾರಿಯುದ್ದಕ್ಕೂ ಆ ಫೋನಿನ ಗುಣದೋಷಗಳನ್ನೇ ತೂಗುತ್ತ ಕೂತಿದ್ದೆ. ಅದನ್ನು ಆರಿಸಿಕೊಟ್ಟವಳು ನಾನು. ಅದನ್ನು ನಂಬಿ ಅಣ್ಣ ಸಾಯುವುದರಲ್ಲಿದ್ದ. ಊರು ಮಾತ್ರ ತಪ್ಪನ್ನು ಅತ್ತಿಗೆಯ ತಲೆಗೆ ಕಟ್ಟಿತ್ತು. ಅತ್ತಿಗೆಯೂ ಅದನ್ನು ಒಪ್ಪಿಕೊಂಡುಬಿಟ್ಟಿದ್ದಳು.

ಫೋನು ಕೊಂಡದ್ದು ಕಳೆದ ವರ್ಷ, ಕೆ.ಆರ್. ಪೇಟೆಯಲ್ಲಿ. ಅತ್ತಿಗೆಯ ತವರು ಹೇಮಗಿರಿಯ ಹತ್ತಿರ. ಅಲ್ಲಿಗೆ ಹೋಗಿದ್ದಾಗ ಮೂವರೂ ಅಂಗಡಿಗೆ ಹೋದೆವು. ಅಂಗಡಿಯವನು ಮೂರು ಫೋನು ಮುಂದಿಟ್ಟ. ಒಂದು ತೀರಾ ಅಗ್ಗದ್ದು, ಇನ್ನೊಂದು ನಮ್ಮ ಕೈಗೆಟುಕದ್ದು. ನಡುವಿನದನ್ನು ಎತ್ತಿಕೊಂಡು, ಬಿ.ಎಸ್ಸಿ. ಓದಿದವಳ ಗತ್ತಿನಲ್ಲಿ ವಿವರಿಸಿದೆ. ಬಿಸಿಲಲ್ಲೂ ಅಕ್ಷರ ಕಾಣುತ್ತದೆ, ದನಿ ಜೋರು, ಎರಡು ದಿನ ಚಾರ್ಜು ನಿಲ್ಲುತ್ತದೆ.

"ಎಲ್ಡು ದಿನ್ವಾ?" ಎಂದು ಅತ್ತಿಗೆ ಹುಬ್ಬೇರಿಸಿದಳು. "ಅಂಗಾದ್ರೆ ನಿಮ್ಮಣ್ಣನ್ಗಿಂತ ವಾಸಿ. ಅವ್ರು ಮದ್ಯಾನ್ಕೇ ಮಲೀಕತಾರೆ."

ಅಂಗಡಿಯವನೂ ನಕ್ಕ. ಅಣ್ಣ ಕೇಳಿಸದವನ ಹಾಗೆ ಕವರುಗಳನ್ನು ನೋಡುತ್ತಿದ್ದ.

ಒಳ್ಳೆಯದನ್ನು ಮೊದಲು ಹೇಳಬೇಕು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅತ್ತಿಗೆ, ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸಿ ನನಗೆ ಉದ್ದುದ್ದ ಮೆಸೇಜು ಕಳಿಸತೊಡಗಿದಳು. ಹಸು ಗಬ್ಬ ಕಟ್ಟಿದ್ದು, ಕರು ಹಾಲು ಬಿಟ್ಟದ್ದು, ಅಣ್ಣನ ಮೇಲಿನ ದೂರು, ಎಲ್ಲ ಅದರಲ್ಲಿ ಇರುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಅನುಕೂಲ ಬೋರಿನ ಮೋಟರಿನದು. ಸ್ಟಾರ್ಟರ್ ಪೆಟ್ಟಿಗೆಗೆ ಸಿಮ್ ಇರುವ ಒಂದು ಸಾಧನ ಕೂಡಿಸಿದ ಮೇಲೆ, ಅತ್ತಿಗೆ ಮನೆಯಲ್ಲೇ ಕೂತು ಫೋನಿನ ಒಂದು ಆ್ಯಪಿನಿಂದ ಮೋಟರು ಹಾಕುತ್ತಿದ್ದಳು, ನಿಲ್ಲಿಸುತ್ತಿದ್ದಳು. ಆಟೋದಲ್ಲಿ ಇಟ್ಟರೆ ತ್ರೀ ಫೇಸ್ ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಮೋಟರು ತಾನಾಗಿಯೇ ಓಡುತ್ತದೆ. ಕರೆಂಟು ಬಂದಾಗಲೆಲ್ಲ ಹೊಲಕ್ಕೆ ಓಡುವ ಪಾಡು ಅಣ್ಣನಿಗೆ ತಪ್ಪಿತು.

ಕುಂದುಗಳೂ ಇದ್ದವು. ಕಳೆ ಕಿತ್ತು, ಸಗಣಿ ಬಾಚಿ ಸವೆದ ಅತ್ತಿಗೆಯ ಬೆರಳನ್ನು ಫೋನು ಗುರುತಿಸುತ್ತಲೇ ಇರಲಿಲ್ಲ. ನನ್ನ ಬೆರಳನ್ನಾದರೆ ಒಂದೇ ಸಲಕ್ಕೆ ಗುರುತಿಸುತ್ತಿತ್ತು. "ನೋಡವ್ವ, ಗೇಯೋರ್ನ ಕಂಡ್ರೆ ಇದ್ಕೂ ಆಗಕಿಲ್ಲ," ಎನ್ನುತ್ತಿದ್ದಳು. ಬೇಡದ ಜಾಹೀರಾತುಗಳು ಬರುತ್ತಿದ್ದವು. ನಮ್ಮೂರಿನಲ್ಲಿ ಸಿಗ್ನಲ್ಲು ಮೊದಲೇ ಕಡಿಮೆ. ಮಾತಾಡುತ್ತಿರುವಾಗ ನೆಟ್ಟು ನಿಂತೇಹೋಗುತ್ತಿತ್ತು. ಇಷ್ಟನ್ನೆಲ್ಲ ಸಹಿಸಬಹುದು ಎಂದುಕೊಂಡಿದ್ದೆವು.

ಅಣ್ಣ ಸಾಯುವುದರಲ್ಲಿದ್ದ ಆ ದಿನ ನಾನು ರಜೆ ಹಾಕಿ ಊರಲ್ಲಿದ್ದೆ. ಬೋರಿನ ಬಾಯಿಯ ಹತ್ತಿರ ಮೋಟರಿನ ಕೇಬಲ್ಲಿನ ಜಾಯಿಂಟು ಸುಟ್ಟಿತ್ತು. ಬೆಳಿಗ್ಗೆಯೇ ಅಣ್ಣ ಅದನ್ನು ಕತ್ತರಿಸಿ ಹೊಸದಾಗಿ ಜೋಡಿಸಲು ಕೂತ. ಕರೆಂಟು ಬರುವುದು ಮಧ್ಯಾಹ್ನ ಎಂಬ ಎಣಿಕೆ. ಆದರೂ ಇರಲಿ ಎಂದು ಹೊಲದಿಂದಲೇ ಅತ್ತಿಗೆಗೆ ಫೋನು ಮಾಡಿದ.

"ಆಟೋ ಆಫ್ ಮಾಡಮ್ಮಿ. ವೈರ್‍ಗೆ ಕೈ ಆಕ್ತಾ ಇವ್ನಿ."

"ತಡೀರಿ... ಮಾಡ್ದೆ ಕಣ್ರಿ. ಆಫ್ ಅಂತ ತೋರುಸ್ತಾ ಅದೆ." ಸ್ಪೀಕರಿನಲ್ಲಿ ಅತ್ತಿಗೆಯ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತು.

ಸ್ಟಾರ್ಟರ್ ಪೆಟ್ಟಿಗೆ ಇದ್ದದ್ದು ಬೋರಿನಿಂದ ಐವತ್ತು ಹೆಜ್ಜೆ ದೂರದಲ್ಲಿ, ಬೇವಿನ ಮರದ ಪಕ್ಕದ ಕಂಬದಲ್ಲಿ. ನೆರಳಿದೆಯೆಂದು ಆಮೇಲೆ ನಾನು ಅಲ್ಲಿಗೆ ಹೋಗಿ ನಿಂತೆ. ಇದ್ದಕ್ಕಿದ್ದಂತೆ ಪೆಟ್ಟಿಗೆಯ ಮೂರು ದೀಪಗಳೂ ಹೊತ್ತಿಕೊಂಡವು. ಇವತ್ತು ಕರೆಂಟು ಬೇಗ ಬಂತು ಎಂದುಕೊಂಡೆ, ಅಷ್ಟೇ. ಆಟೋ ಆಫ್ ಇದೆಯಲ್ಲ. ಪೆಟ್ಟಿಗೆಯ ಸಣ್ಣ ಪರದೆಯಲ್ಲಿ ನಲವತ್ತು ಎಂಬ ಅಂಕಿ ಕಂಡಿತು. ಆಮೇಲೆ ಮೂವತ್ತೊಂಬತ್ತು. ಮೂವತ್ತೆಂಟು. ವೋಲ್ಟೇಜೋ ಏನೋ ಇರಬೇಕೆಂದು ನೋಡುತ್ತ ನಿಂತೆ. ಈಗಲೂ ನನ್ನನ್ನು ಕಾಡುವುದು ಹಾಗೆ ಸುಮ್ಮನೆ ನಿಂತದ್ದೇ. ಇಪ್ಪತ್ತಾರಕ್ಕೆ ಬಂದಾಗ ಹೊಳೆಯಿತು. ಮೋಟರು ಓಡಿಸಲು ಇನ್ನೆಷ್ಟು ಸೆಕೆಂಡು ಉಳಿದಿದೆ ಎಂದು ಪೆಟ್ಟಿಗೆ ಎಣಿಸುತ್ತಿತ್ತು.

"ಅಣ್ಣೋ, ಕೈ ತಗಿ! ಮೋಟ್ರು ಆನ್ ಆಯ್ತದೆ!"

ಅಣ್ಣ ತಲೆಯೂ ಎತ್ತಲಿಲ್ಲ. "ಆಫ್ ಅದೆ ಬುಡವ್ವ. ನಿಮ್ಮತ್ಗೆ ಮಾಡವ್ಳೆ."

"ಇಲ್ಲ ಕಣಣ್ಣ, ಎಣಿಸ್ತಾ ಅದೆ!"

"ಎಣಿಸ್ಲಿ ಬುಡು. ಓದಿರೋಳು, ನೀನೂ ಜೊತೇಲಿ ಎಣ್ಸು," ಎಂದು ನಕ್ಕ. ಅವನ ಎರಡು ಕೈಯಲ್ಲೂ ಬರಿಯ ತಾಮ್ರದ ಎಳೆಗಳಿದ್ದವು. ಕಾಲಡಿಯ ಮಣ್ಣು ಒದ್ದೆಯಾಗಿತ್ತು.

ಓಡಿಹೋಗಿ ಅವನನ್ನು ಎಳೆಯಲೇ ಎಂದುಕೊಂಡೆ. ಅಂಕಿ ಹನ್ನೆರಡಕ್ಕೆ ಬಂದಿತ್ತು. ಪೆಟ್ಟಿಗೆಯಲ್ಲಿ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಕೆಂಪನ್ನು ಒತ್ತಿದೆ. ಎಣಿಕೆ ನಿಲ್ಲಲಿಲ್ಲ. ಬೆರಳು ತೆಗೆಯಲು ಹೆದರಿ, ಇನ್ನೊಂದು ಕೈಯನ್ನೂ ಅದರ ಮೇಲಿಟ್ಟು ಅದುಮಿ ಹಿಡಿದೆ. ಸೊನ್ನೆ ಬಂತು. ಒಳಗೆ ಏನೋ ಟಕ್ ಎಂದಿತು. ಅದರ ಹಿಂದೆಯೇ ಬರಬೇಕಿದ್ದ, ಸ್ಟಾರ್ಟರು ಹಿಡಿದುಕೊಳ್ಳುವ ದೊಡ್ಡ ಸದ್ದು ಬರಲಿಲ್ಲ; ಕೆಂಪು ಗುಂಡಿ ಅದನ್ನು ತಡೆದಿತ್ತು. ಆ ಟಕ್ ಮಾತ್ರ ಅಣ್ಣನಿಗೂ ಕೇಳಿತು. ಕೈಯಲ್ಲಿದ್ದದ್ದನ್ನು ಎಸೆದು ಹಿಂದಕ್ಕೆ ಬಿದ್ದ.

ಎದ್ದು ಬಂದವನು ಪರದೆ ನೋಡಿದ, ನನ್ನ ಕೈ ನೋಡಿದ. ಮೇಲಿನ ಹಲಗೆಯಿಂದ ಮೂರೂ ಫೀಜುಗಳನ್ನು ಒಂದೊಂದಾಗಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ, "ಈಗ ಬುಡವ್ವ ಕೈಯ," ಎಂದ. ನನಗೆ ಬಿಡಲು ಆಗಲಿಲ್ಲ. ಬೆರಳುಗಳನ್ನು ಅವನೇ ಬಿಡಿಸಿದ.

ಇಬ್ಬರೂ ನೆಲದ ಮೇಲೆ ಕೂತೆವು. ಸುಮಾರು ಇಪ್ಪತ್ತು ನಿಮಿಷವಾದ ಮೇಲೆ ಪೆಟ್ಟಿಗೆ ಕೀಂ ಎಂದಿತು. ಒಳಗೊಂದು ಸಣ್ಣ ಬ್ಯಾಟರಿ ಇರುವುದರಿಂದ ಫೀಜು ಕಿತ್ತರೂ ಅದಕ್ಕೆ ಜೀವವಿರುತ್ತದೆ. ಎದ್ದು ನೋಡಿದೆ. ಆಟೋ ಆಫ್ ಆಗಿತ್ತು. ಅತ್ತಿಗೆ ಕೊಟ್ಟ ಆದೇಶ ಆಗ ಬಂದು ಮುಟ್ಟಿತ್ತು.

ಸಂಜೆಗೆ ಊರಿಗೆಲ್ಲ ಗೊತ್ತಾಯಿತು. ಪಕ್ಕದ ಹೊಲದ ಚಿಕ್ಕಪ್ಪ ಜಗುಲಿಯಲ್ಲಿ ಕೂತು ಅಣ್ಣನಿಗೆ, "ಎಂಗಸ್ರ ಕೈಗೆ ಮೋಟ್ರು ಕೊಟ್ಟಿದ್ದೀಯಲ್ಲ, ಬುದ್ದಿ ಎಲ್ಲೋಗಿತ್ಲಾ? ಟೀವಿ ನೋಡ್ತಾ ಯಾವ್ದ ಒತ್ತುದ್ಲೋ ಏನೋ," ಎಂದ. ಅತ್ತಿಗೆ ಒಳಗಿನಿಂದ ಕೇಳಿಸಿಕೊಂಡಳು. ಅಣ್ಣ ಸುಮ್ಮನಿದ್ದ. ಹೆದರಿಕೆಯಿಂದ ಸುಮ್ಮನಿದ್ದನೆಂದು ನನಗೆ ಗೊತ್ತು; ಅತ್ತಿಗೆಗೆ ಹಾಗೆ ಕಾಣಲಿಲ್ಲ. ಫೋನನ್ನು ಗೋಡೆಯ ಗೂಡಿನಲ್ಲಿ ಬೋರಲು ಹಾಕಿದವಳು ಮತ್ತೆ ಮುಟ್ಟಲಿಲ್ಲ. ಮಾರನೆಯ ದಿನ ನಾನು ಕೆಲಸಕ್ಕೆ ವಾಪಸು ಹೋದೆ. ಮೈಸೂರಿಗೆ ಹೋದಾಗ ಟ್ರಾಫಿಕ್ ಸಿಗ್ನಲಿನಲ್ಲಿ ಇಳಿಯುವ ಅಂಕಿಗಳನ್ನು ನೋಡಲಾಗದೆ ಮುಖ ತಿರುಗಿಸಿಕೊಂಡೆ.

ಆ ಶನಿವಾರ ನಾನು ಮನೆ ತಲುಪಿದಾಗ ಅತ್ತಿಗೆ ಕೊಟ್ಟಿಗೆಯಲ್ಲಿದ್ದಳು. "ನಾನೇ ಕಣವ್ವ ಮಾಡಿದ್ದು. ಎಲ್ಲೋ ಸರ್‍ಯಾಗಿ ಒತ್ತಿಲ್ಲ," ಎಂದಳು.

"ನೋಡೇಬಿಡೋಣ ಅತ್ಗೆ. ಅವತ್ತು ಮಾಡಿದ್ದನ್ನೇ ಇನ್ನೊಂದ್ಸಲ ಮಾಡು."

ಅವಳು ಒಪ್ಪಬೇಕಾದರೆ ಭಾನುವಾರ ಬೆಳಗಾಯಿತು. ಅಣ್ಣ ಫೀಜು ಕಿತ್ತು ಪೆಟ್ಟಿಗೆಯ ಮುಂದೆ ನಿಂತ. ಫೋನಿನಲ್ಲಿ ಅವನೊಡನೆ ಮಾತಾಡುತ್ತಲೇ ಅತ್ತಿಗೆ ಆಟೋ ಆಫ್ ಒತ್ತಿದಳು. ಪರದೆ ತಕ್ಷಣ ಆಫ್ ಎಂದು ತೋರಿಸಿತು. ಫೋನು ಮುಚ್ಚಿಟ್ಟು, ಅವತ್ತಿನಂತೆ ಹಸುವಿಗೆ ಹುಲ್ಲು ಹಾಕಲು ಹೋದಳು. ನನ್ನ ಫೋನಿಗೆ ಅಣ್ಣ ಕರೆ ಮಾಡಿ, "ಆಟೋ ಅಂಗೇ ಅದೆ," ಎಂದ. ಅತ್ತಿಗೆ ಬಂದು ಫೋನು ತೆರೆದಾಗಲೇ ಅಲ್ಲಿ ಪೆಟ್ಟಿಗೆ ಕೀಂ ಎಂದದ್ದು. ಮೂರು ಸಲ ಮಾಡಿದೆವು. ಒಂದು ಸಲ ಆದೇಶ ಸರಿಯಾಗಿ ಹೋಯಿತು, ಎರಡು ಸಲ ದಾರಿಯಲ್ಲೇ ಉಳಿಯಿತು.

ಮಾತಾಡುವಾಗ ನೆಟ್ಟು ಇರುವುದಿಲ್ಲ, ಆದೇಶ ಕಾಯುತ್ತದೆ. ಪರದೆ ಆರಿದ ಕೂಡಲೇ, ಚಾರ್ಜು ಉಳಿಸಲೆಂದು, ಫೋನು ಆ ಆ್ಯಪನ್ನು ಮಲಗಿಸಿಬಿಡುತ್ತದೆ. ಎರಡು ದಿನ ಚಾರ್ಜು ನಿಲ್ಲುವುದು ಹೀಗೆ. ಅಂಗಡಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊಗಳಿದ ಗುಣವೇ ಅದು. ದುಬಾರಿ ಫೋನು ಹೀಗೆ ಮಾಡುತ್ತಿರಲಿಲ್ಲವೇ? ನನಗೆ ಗೊತ್ತಿಲ್ಲ. ಆಗದ ಕೆಲಸವನ್ನು ಆಯಿತೆಂದು ತೋರಿಸಿದ್ದಂತೂ ಆ ಆ್ಯಪಿನ ತಪ್ಪು. ಆ್ಯಪನ್ನು ಮಲಗಿಸದಂತೆ ಸೆಟ್ಟಿಂಗು ಬದಲಿಸಿದೆ.

"ಅಂಗಾದ್ರೆ ನಾನ್ ಒತ್ತಿದ್ದು ಸರ್‍ಯಾಗಿತ್ತಾ?" ಎಂದು ಅತ್ತಿಗೆ ಕೇಳಿದಳು.

"ಸರ್‍ಯಾಗಿತ್ತು."

"ಇನ್ನೊಂದ್ಸಲ ಏಳವ್ವ."

ಹೇಳಿದೆ. ಸೆರಗಿನಿಂದ ಫೋನಿನ ಗಾಜು ಒರೆಸುತ್ತ ಬಹಳ ಹೊತ್ತು ಕೂತಳು.

ಸಂಜೆ ಚಿಕ್ಕಪ್ಪ ಬಂದಾಗ ಅಣ್ಣ ತಾನಾಗಿಯೇ ಮಾತು ತೆಗೆದ. "ಚಿಕ್ಕಪ್ಪ, ಅವ್ಳು ಸರ್‍ಯಾಗೇ ಒತ್ತವ್ಳೆ. ಫೀಜು ಕೀಳ್ದೆ ಕೈ ಆಕ್ದೋನು ನಾನು. ನಮ್ಮಪ್ಪ ಇದ್ದಿದ್ರೆ ಮೆಟ್ನಲ್ಲಿ ಒಡೀತಿದ್ದ." ಅಪ್ಪ ವೈರು ಮುಟ್ಟುವ ಮುಂಚೆ ಫೀಜು ಕಿತ್ತು ಟವೆಲಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಫೋನು ಬಂದ ಮೇಲೆ ಅಣ್ಣ ಆ ಅಭ್ಯಾಸ ಬಿಟ್ಟಿದ್ದ. ಚಿಕ್ಕಪ್ಪ, "ಓಗ್ಲಿ ಬುಡ್ಲಾ, ಬದುಕಿದ್ದೀಯಲ್ಲ," ಎಂದು ಎದ್ದ. ಅತ್ತಿಗೆಗೆ ಅಷ್ಟು ಸಾಕಾಯಿತೋ ಇಲ್ಲವೋ ತಿಳಿಯಲಿಲ್ಲ.

ಬೇರೆ ಫೋನು ಕೊಡಿಸುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. "ಇದ್ರ ಬುದ್ದಿ ಈಗ ಗೊತ್ತಾಗದೆ. ಒಸಾದ್ನ ತಂದ್ರೆ ಅದ್ರ ಬುದ್ದಿ ತಿಳಿಯೋಗಂಟ ಇನ್ಯಾರ್ ಸಾಯ್ಬೇಕು?"

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅದೇ ಕೇಬಲ್ಲಿಗೆ ಮತ್ತೆ ಟೇಪು ಸುತ್ತುವುದಿತ್ತು. ನಾನು ಹೊಲಕ್ಕೆ ಹೋಗಲಿಲ್ಲ. ಅತ್ತಿಗೆಯ ಪಕ್ಕದಲ್ಲಿ ಕೂತಿದ್ದೆ. ಅಣ್ಣನ ಕರೆ ಬಂತು.

"ಆಫ್ ಮಾಡ್ದಾ?"

"ಮಾಡಿವ್ನಿ. ಇದು ಆಫ್ ಅಂದ್ರೂ ನಾನ್ ನಂಬಕಿಲ್ಲ, ನೀವ್ ಊ ಅಂದ್ರೂ ನಂಬಕಿಲ್ಲ. ಫೀಜು ಕಿತ್ತು, ಅಂಗೈಲಿಟ್ಕಂಡು ಫೋಟೊ ಕಳ್ಸಿ."

"ನಾನೇನ್ ಮದ್ವೆ ಗಂಡೇನಮ್ಮಿ, ಫೋಟೊ ಕಳ್ಸಕೆ?"

"ಕಳ್ಸುದ್ರೆ ಕಳ್ಸಿ. ಇಲ್ದಿದ್ರೆ ನಾನೇ ಬತ್ತೀನಿ."

ಫೋಟೊ ಬಂತು. ಬಿಸಿಲಿಗೆ ಅರ್ಧ ಬೆಳ್ಳಗಾಗಿತ್ತು. ಅತ್ತಿಗೆ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ ಮತ್ತೆ ಕರೆ ಮಾಡಿದಳು. "ಎಲ್ಡೇ ಕಾಣ್ತವೆ. ಇನ್ನೊಂದೆಲ್ಲಿ?"

ಆ ಕಡೆಯಿಂದ ಬೈಗುಳ ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೊ ಬಂತು. ಅತ್ತಿಗೆ ಗಾಜಿನ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಂದು ಎಣಿಸಿದಳು. ನನ್ನ ಮುಖ ನೋಡಿ, ನನಗೋಸ್ಕರ ಇನ್ನೊಮ್ಮೆ ಎಣಿಸಿದಳು. ಆಮೇಲೆ ಅಣ್ಣನಿಗೆ ಕರೆ ಮಾಡಿ ಹೇಳಿದಳು:

"ಊ. ಈಗ ಕೈ ಆಕಿ."