ಕ್ಷೌರದ ಕುರ್ಚಿಯ ಮಾತುಕತೆ

"ಈ ವರ್ಷಾನೂ ಹಳೇ ಬಾಡಿಗೆನೇ ಇರ್ಲಿ, ಏನಂತೀರಿ ಯಜಮಾನ್ರೆ?"

ಚಿಕ್ಕಪ್ಪ ಹೀಗೆ ಕೇಳಿದಾಗ ನಮ್ಮ ಪಾತ್ರೆ ಅಂಗಡಿಯ ಮಳಿಗೆ ಮಾಲೀಕರು ಹೊನ್ನಾಳಿಯ ಕ್ಷೌರದಂಗಡಿಯ ಕುರ್ಚಿಯಲ್ಲಿದ್ದರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಇನ್ನೂ ಸೋಪಿನ ನೊರೆ.

ಎಪ್ಪತ್ತರ ದಶಕದ ಮಾತಿದು. ಮಾತು ಹಿಡಿಸದಿದ್ದರೆ ಟವೆಲ್ ಕೊಡವಿ ಎದ್ದು ಹೋಗುವುದು ಮಾಲೀಕರ ಅಭ್ಯಾಸ. ಆಮೇಲೆ ನಾವೇ ಅವರ ಹಿಂದೆ ಓಡಬೇಕು. ಅದಕ್ಕೇ ಚಿಕ್ಕಪ್ಪ ಈ ಜಾಗ ಆರಿಸಿದ್ದರು. ಅವತ್ತೂ ಮಾಲೀಕರು ದಡಕ್ಕನೆ ಎದ್ದರು. ಬಾಗಿಲವರೆಗೆ ಹೋದವರು ಬೀದಿ ತುಂಬ ಇದ್ದ ಸಂತೆಯ ಜನರನ್ನು ಕಂಡು, ನೊರೆಗೆನ್ನೆ ಮುಟ್ಟಿಕೊಂಡು, ವಾಪಸ್ ಬಂದು ಕೂತರು.

"ಆತು ಬಿಡಪ್ಪ. ಮೊದ್ಲು ಈ ಕಡೀದು ಮುಗ್ಸಾಕೆ ಹೇಳು!"

ಮರುವರ್ಷ ಅವರೇ ನಮ್ಮನ್ನು ಮನೆಗೆ ಊಟಕ್ಕೆ ಕರೆದರು. ಎಲೆಯ ಮುಂದೆ ಕೂರಿಸಿ, ಹೋಳಿಗೆಗೆ ತಾವೇ ತುಪ್ಪ ಸುರಿಯುತ್ತ, ನಗುನಗುತ್ತಲೇ ಬಾಡಿಗೆ ಏರಿಸಿದರು. ಅರ್ಧ ಊಟದಲ್ಲಿ ಏಳುವಂತಿಲ್ಲ. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಿದ್ದ ಚಿಕ್ಕಪ್ಪ ಸುಮ್ಮನೆ ತಲೆಯಾಡಿಸಿದರು.

ಈಗಲೂ ಯಾರಾದರೂ ವ್ಯವಹಾರ ಮಾತಾಡಲು ಕರೆದರೆ, ನಾನು ಮನೆಯಲ್ಲೇ ಗಡ್ಡ ಹೆರೆದುಕೊಂಡು, ಹೊಟ್ಟೆ ತುಂಬ ಉಂಡೇ ಹೊರಡುತ್ತೇನೆ.