ಇದು ಇರ್ಲಿ

ಅವರ ಬಲಗೈ ಹೆಬ್ಬೆರಳಿನ ಉಗುರು ಕನ್ನಡಿಯಂತೆ ಹೊಳೆಯುತ್ತಿತ್ತು. ಉಳಿದ ಒಂಬತ್ತು ಉಗುರುಗಳಲ್ಲಿ ಎಣ್ಣೆಯ ಕಪ್ಪು ಕೂತಿರುತ್ತಿತ್ತು. ಅದೊಂದನ್ನು ಮಾತ್ರ ಬೆಳಿಗ್ಗೆ ಅಂಗಡಿಗೆ ಬಂದ ಕೂಡಲೇ ಸೀಮೆಸುಣ್ಣದ ಪುಡಿ ಹಚ್ಚಿ ಚರ್ಮದ ತುಂಡಿನಿಂದ ಉಜ್ಜುತ್ತಿದ್ದರು. ಬಂದೂಕಿನ ನಳಿಗೆಯ ಹಿಂಬದಿಗೆ ಆ ಉಗುರು ಹಿಡಿದು, ಕಿಟಕಿಯ ಬೆಳಕನ್ನು ಅದರ ಮೇಲೆ ಬೀಳಿಸಿ, ಮುಂದಿನಿಂದ ಒಂದು ಕಣ್ಣಿಟ್ಟರೆ ನಳಿಗೆಯ ಹೊಟ್ಟೆಯೆಲ್ಲ ಬೆಳಗುತ್ತಿತ್ತು. ಒಳಗಿನ ತುಕ್ಕು, ಗೀರು, ಕಾರ್ಖಾನೆಯವರು ತೆಗೆಯದೆ ಬಿಟ್ಟ ಕಬ್ಬಿಣದ ಸಿಬಿರು, ಎಲ್ಲ ಕಾಣುತ್ತಿತ್ತು.

ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮುಂದಿನದರಲ್ಲಿ ನಾನೂ ಎಲ್ಲೆಲ್ಲಿ ಉಜ್ಜಿ ಹೊಳಪು ತಂದಿದ್ದೇನೋ ಹೇಳಲಾರೆ.

ಅವರು ಶಿರಸಿಯ ಬಂದೂಕಿನ ಅಂಗಡಿಯ ಮೇಸ್ತ್ರಿ. ನಾನು ಅದೇ ಅಂಗಡಿಯ ಗುಮಾಸ್ತ. ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಐದಾರು ವರ್ಷವಾಗಿದ್ದರೂ ನಮ್ಮ ಅರ್ಧ ನಮೂನೆಗಳ ನೆತ್ತಿಯ ಮೇಲೆ ಮುಂಬಯಿ ಸರಕಾರವೇ ಇತ್ತು. ಅದನ್ನು ಹೊಡೆದು ಮೈಸೂರು ಎಂದು ಬರೆಯುವುದೂ ನನ್ನ ಕೆಲಸವಾಗಿತ್ತು. ಮೇಸ್ತ್ರಿ ಬನವಾಸಿ ಕಡೆಯವರು. ನಾನು ಸಿದ್ದಾಪುರದ ಮನ್ಮನೆಯವನು. ಪೇಟೆಯ ಕನ್ನಡ ಎಷ್ಟೇ ರೂಢಿ ಮಾಡಿಕೊಂಡರೂ ಗಾಬರಿಯಾದಾಗ ನನ್ನ ಬಾಯಿಗೆ ‘ನಾನು’ ಅನ್ನುವ ಬದಲು ಮನೆಮಾತಿನ ‘ಆನು’ ಬಂದುಬಿಡುತ್ತಿತ್ತು. ಅದನ್ನು ಹಿಡಿದ ಅವರು ನನಗೆ ‘ಆನುರಾಯರು’ ಎಂದು ಹೆಸರಿಟ್ಟಿದ್ದರು. ನನಗಿಂತ ಮೂವತ್ತು ವರ್ಷ ಹಿರಿಯರು, ಆದರೂ ಬಹುವಚನ ಬಿಡಲಿಲ್ಲ. ಅದು ಗೌರವವೋ ಕೀಟಲೆಯೋ ಕೇಳಬೇಕೆಂದು ಆಗ ಹೊಳೆಯಲಿಲ್ಲ.

ಅವರ ಮೇಜಿನ ಮೇಲೆ, ಗುಳಿಗಳಿಗೆ ಕಾಳು ಹಾಕಿ ಆಡುವ ಒಂದು ಹಳೆಯ ಚೆನ್ನೆಮಣೆ ಇರುತ್ತಿತ್ತು. ಬಿಚ್ಚಿದ ತಿರುಪು, ಸ್ಪ್ರಿಂಗುಗಳನ್ನು ಅದರ ಗುಳಿಗಳಲ್ಲಿ ಬೇರೆಬೇರೆಯಾಗಿ ಹಾಕಿಡುತ್ತಿದ್ದರು. ಚೆನ್ನೆಮಣೆಯ ಗುಳಿಗೆ ಮನೆ ಅನ್ನುವಂತೆ ರಿವಾಲ್ವರಿನ ತಿರುಗುವ ಉರುಳೆಯಲ್ಲಿ ಗುಂಡು ಕೂರುವ ಆರು ತೂತುಗಳಿಗೂ ಅವರು ಮನೆ ಎಂದೇ ಅನ್ನುತ್ತಿದ್ದರು. ಕಣ್ಣು ಮುಚ್ಚಿ, ರಿವಾಲ್ವರನ್ನು ಕಿವಿಯ ಹತ್ತಿರ ಹಿಡಿದು, ಗುಂಡಿನ ಬುಡಕ್ಕೆ ಬಡಿಯುವ ಕುದುರೆಯನ್ನು ಮೆಲ್ಲಗೆ ಎಳೆದು ಒಂದೊಂದೇ ಮನೆ ತಿರುಗಿಸುತ್ತಿದ್ದರು. ಸದ್ದಿನ ಮೇಲೆಯೇ ಯಾವ ಮನೆ ನಳಿಗೆಗೆ ನೆಟ್ಟಗೆ ಬಂತು, ಯಾವುದು ಕೂದಲೆಳೆಯಷ್ಟು ಹಿಂದೆ ನಿಂತಿತು ಎಂದು ಹೇಳುತ್ತಿದ್ದರು.

ಹಳೆಯ ವಿಲಾಯತಿ ಮಾಲು ಬರುವುದು ನಿಂತು, ನಮ್ಮ ದೇಶದಲ್ಲೇ ಹೊಸದಾಗಿ ತಯಾರಾದ ರಿವಾಲ್ವರುಗಳು ಆಗ ಬರತೊಡಗಿದ್ದವು. ಒಂದು ಪೆಟ್ಟಿಗೆಯಲ್ಲಿ ನಾಲ್ಕು. ಮೇಣದ ಕಾಗದ, ಎಣ್ಣೆಯ ವಾಸನೆ, ಪ್ರತಿಯೊಂದರ ಕುತ್ತಿಗೆಗೂ ‘ಪರೀಕ್ಷಿಸಲಾಗಿದೆ’ ಎಂಬ ಕಾರ್ಖಾನೆಯ ಚೀಟಿ. ಅಂಗಡಿಯ ಸಾಹುಕಾರರಿಗೆ ಹಿಗ್ಗೋ ಹಿಗ್ಗು. ಮೇಸ್ತ್ರಿ ಮೊದಲನೆಯದರ ಚೀಟಿಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು.

“ಇದನ್ನ ನೀವ ಇಟ್ಕೊಳ್ರಿ ಆನುರಾಯರ. ಗುಂಡು ಹಾರಸೂದು ಚೀಟಿ ಅಲ್ಲ.”

ಮೊದಲನೆಯದರ ನಳಿಗೆಯೊಳಗೆ ಸಿಬಿರು. ಅರ್ಧ ದಿನ ಉಜ್ಜಿ ಸರಿಮಾಡಿದರು. ಎರಡನೆಯದರ ಸ್ಪ್ರಿಂಗು ಸಡಿಲ, ತಿರುಪಿನ ಹಲ್ಲು ಅರ್ಧಕ್ಕೇ ನಿಂತಿತ್ತು. ಅದನ್ನು ವಾಪಸು ಕಟ್ಟಲು ಹೇಳಿದರು. ಮೂರನೆಯದನ್ನು ತಿರುಗಿಸುತ್ತ ಐದನೆಯ ಮನೆಗೆ ಬಂದಾಗ ಹುಬ್ಬು ಗಂಟಾಯಿತು. ಮತ್ತೆ ಮೊದಲಿನಿಂದ ತಿರುಗಿಸಿದರು. ಮತ್ತೆ ಐದಕ್ಕೆ ನಿಂತರು.

“ಐದು ಮನಿಯವರು ಕರದ ಕೂಡ್ಲೆ ಬರ್ತಾರ. ಒಬ್ಬಾಂವ ಬಾಗ್ಲದಾಗ ನಿಂತು ಎಲಿ ಹಾಕ್ಕೊಂತಾನ” ಎಂದರು. ಆ ಒಂದು ಮನೆ ಓರೆ ನಿಂತರೆ ಗುಂಡು ನಳಿಗೆಯ ಅಂಚಿಗೆ ಉಜ್ಜುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ, ಹೊಡೆದವನಿಗೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿ ನಿಂತವರ ಕಣ್ಣು ಹೋಗುತ್ತದೆ. ಇದನ್ನು ಅವರು ಆಗ ಹೇಳಿದ್ದೋ ಆಮೇಲೆ ಬಸ್ಸಿನಲ್ಲಿ ಹೇಳಿದ್ದೋ? ಇದರ ಮೇಲೆ ನನ್ನ ತಪ್ಪಿನ ತೂಕ ನಿಂತಿದೆ. ಅದಕ್ಕೇ ಇರಬೇಕು, ನೆನಪು ನೆಟ್ಟಗೆ ಉತ್ತರ ಕೊಡುವುದಿಲ್ಲ.

ರಿವಾಲ್ವರನ್ನು ಮೇಜಿನ ಆಚೆ ತುದಿಗೆ ಸರಿಸಿ, “ಇದು ಇರ್ಲಿ” ಎಂದು ಹೇಳಿ ಊಟಕ್ಕೆ ಹೋದರು.

ಅವರು ಹೊರಬಿದ್ದ ಹತ್ತು ನಿಮಿಷಕ್ಕೆ ಯಲ್ಲಾಪುರದಾಚೆಯ ಇಡಗುಂದಿಯ ಅರಣ್ಯ ರೇಂಜರ ಜೀಪು ಬಾಗಿಲಲ್ಲಿ ನಿಂತಿತು. ಅವರ ಪರವಾನಗಿಯಲ್ಲಿ ಬರೆದಿದ್ದು ಆ ಮೂರನೆಯದರ ನಂಬರು. ಸಾಹುಕಾರರು ನನ್ನತ್ತ ತಿರುಗಿದರು. “ಸಾಹೇಬ್ರು ನಿಂತಿದ್ದಾರೆ ಮಾರಾಯಾ. ಮೇಸ್ತ್ರಿ ನೋಡಿ ಆಯ್ತೋ ಇಲ್ವೋ, ಅಷ್ಟು ಹೇಳು.”

ನೋಡಿ ಆಗಿತ್ತು. ಇರ್ಲಿ ಅಂದಿದ್ದರು. ಪರವಾಗಿಲ್ಲ ಅನ್ನುವುದಕ್ಕೂ ನಾವು ಇರ್ಲಿ ಅನ್ನುತ್ತೇವೆ, ಇಲ್ಲೇ ಇರಲಿ, ಕೊಡಬೇಡ ಅನ್ನುವುದಕ್ಕೂ ಇರ್ಲಿ ಅನ್ನುತ್ತೇವೆ. ಅಂಗಡಿಯಿಂದ ಹೊರಹೋಗುವ ಮಾಲಿಗೆ ನಾನು ‘ಪರೀಕ್ಷಿಸಿದೆ’ ಎಂದು ನಮ್ಮ ಚೀಟಿ ಬರೆದು ಮೇಸ್ತ್ರಿಯ ಸಹಿ ಪಡೆಯುವುದು ವಾಡಿಕೆ. ಆ ದಿನ ಸಹಿಯನ್ನೂ ನಾನೇ ಹಾಕಿ ಕೊಟ್ಟೆ.

ಊಟ ಮುಗಿಸಿ ಬಂದವರು ಮೇಜಿನ ತುದಿಯನ್ನು ನೋಡಿದರು, ನನ್ನನ್ನು ನೋಡಿದರು. “ಆನು ಸರಿ ಇದ್ದು ಹೇಳಿ ತಿಳ್ಕಂಡಿ” ಎಂದು, ಸರಿಯಿದೆ ಅಂದುಕೊಂಡೆ ಅನ್ನುವುದನ್ನು ಮನೆಮಾತಿನಲ್ಲೇ ತೊದಲಿದೆ. ಅವರು ನಗಲಿಲ್ಲ. ಗೂಟದ ಟೋಪಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು, ಹಿಂದಿನಿಂದ ನಾನು. ಯಲ್ಲಾಪುರದ ಬಸ್ಸು ಹತ್ತಿದೆವು. ಯಲ್ಲಾಪುರದಲ್ಲಿ ಅವರ ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಮರದ ಲಾರಿ ಹತ್ತಿ ಇಡಗುಂದಿಯಲ್ಲಿ ಇಳಿಯುವಷ್ಟರಲ್ಲಿ ಒಂದು ಗುಂಡಿನ ಸದ್ದು ಕೇಳಿತು. ಮೇಸ್ತ್ರಿಗೆ ಮೊಣಕಾಲು ನೋವು. ಅವರು ಓಡಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ರೇಂಜರು ಕ್ವಾರ್ಟರ್ಸಿನ ಹಿತ್ತಲಲ್ಲಿ ತೆಂಗಿನ ಚಿಪ್ಪಿಗೆ ಗುರಿ ಹಿಡಿದಿದ್ದರು. ಏಳೆಂಟು ವರ್ಷದ ಮಗಳು ಅವರ ಬಲಗಡೆ ಒಂದು ಮಾರು ದೂರದಲ್ಲಿ ಕಿವಿಯಲ್ಲಿ ಬೆರಳಿಟ್ಟು ನಿಂತು ಎಣಿಸುತ್ತಿದ್ದಳು. “ಮೂರು” ಎಂದಳು.

“ಮಗಾ, ಅಪ್ಪನ ಹಿಂದ ಹೋಗಿ ನಿಂದ್ರು” ಎಂದರು ಮೇಸ್ತ್ರಿ, ಏದುಸಿರಿನಲ್ಲಿ.

ರೇಂಜರು ಹಳೇ ಮೈಸೂರಿನಿಂದ ವರ್ಗವಾಗಿ ಬಂದವರು. “ಮೂರು ಹೊಡೆದೆ ಕಣ್ರೀ, ಮೂರೂ ಚಿಪ್ಪಿಗೇ ತಾಗಿವೆ. ಏನಾಗಿದೆ ಇದಕ್ಕೆ?” ಎಂದು ನಕ್ಕರು. ಮೇಸ್ತ್ರಿ ವಾದಿಸಲಿಲ್ಲ. ಹೆಗಲ ಮೇಲಿನ ಬಿಳಿಯ ಪಂಚೆಯನ್ನು ಎರಡು ಕೋಲಿಗೆ ಕಟ್ಟಿ, ಹುಡುಗಿ ನಿಂತಿದ್ದ ಜಾಗದಲ್ಲಿ ಪರದೆಯಂತೆ ನೆಟ್ಟರು. ಇನ್ನೆರಡು ಹೊಡೆಯಿರಿ ಎಂದು ಕೇಳಿಕೊಂಡರು.

ನಾಲ್ಕನೆಯದಕ್ಕೆ ಪಂಚೆ ಅಲುಗಲಿಲ್ಲ. ರೇಂಜರು ಹುಬ್ಬು ಹಾರಿಸಿದರು. ಐದನೆಯದಕ್ಕೆ ಪಂಚೆ ಒಮ್ಮೆ ಅದುರಿತು, ಒಳಗಿನಿಂದ ಯಾರೋ ಚಿವುಟಿದ ಹಾಗೆ. ಹುಡುಗಿ ಓಡಿಹೋಗಿ ಬೆರಳು ತೂರಿಸಿ ಎಣಿಸಿದಳು. ನಾಲ್ಕು ತೂತು, ಇಲಿ ಕಡಿದಂತೆ.

ಆ ತೂತುಗಳು ಸರಿಯಾಗಿ ಹುಡುಗಿಯ ಕಣ್ಣಿನ ಎತ್ತರಕ್ಕೇ ಇದ್ದವೆಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಯಾರೂ ಅಳೆದಿರಲಿಲ್ಲ. ಆ ಎತ್ತರ ನಾನು ಸೇರಿಸಿದ್ದು. ಆದರೆ ಮುಂದಿನದು ಸೇರಿಸಿದ್ದಲ್ಲ.

ರೇಂಜರು ಮಗಳನ್ನು ಹತ್ತಿರ ಎಳೆದುಕೊಂಡು, ಜೇಬಿನಿಂದ ನಮ್ಮ ಅಂಗಡಿಯ ಚೀಟಿ ತೆಗೆದರು. “ಪರೀಕ್ಷಿಸಿದೆ ಅಂತ ಇದೆಯಲ್ಲ. ಇದು ಯಾರ ಸಹಿ?”

ಮೇಸ್ತ್ರಿ ಚೀಟಿಯನ್ನು ಬೆಳಕಿಗೆ ಹಿಡಿದರು, ನಳಿಗೆಯನ್ನು ನೋಡುವ ಹಾಗೆ. ಅವರ ಸಹಿಯ ಕೊನೆಯಲ್ಲಿ ಬಾಲವಿರುತ್ತಿರಲಿಲ್ಲ. ನಾನು ಬಾಲ ಎಳೆದಿದ್ದೆ.

“ನಂದ ಸಹಿ” ಎಂದರು.

ನಾನು ಬಗ್ಗಿ ಪಂಚೆಯ ಕೋಲುಗಳನ್ನು ಕೀಳತೊಡಗಿದೆ.

ರೇಂಜರು ದೂರು ಬರೆದರು. ಉಳಿದ ರಿವಾಲ್ವರುಗಳು ಕಾರ್ಖಾನೆಗೆ ವಾಪಸಾದವು. ಸಹಿ ತನ್ನದೆಂದು ಒಪ್ಪಿದವನನ್ನು ಇಟ್ಟುಕೊಂಡರೆ ಅಂಗಡಿಯ ಪರವಾನಗಿಯೇ ಹೋಗುತ್ತದೆ ಎಂದು ಸಾಹುಕಾರರು ಮೇಸ್ತ್ರಿಯನ್ನು ಬಿಡಿಸಿದರು. ಅವರು ಚೆನ್ನೆಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಬನವಾಸಿಯ ಬಸ್ಸು ಹತ್ತಿದರು. ನನ್ನ ಹೆಂಡತಿ ಆಗ ಬಸುರಿ. ಸಹಿ ನನ್ನದೆಂದು ಹೇಳದೆ ಉಳಿದದ್ದಕ್ಕೆ ಇದನ್ನು ಕಾರಣವೆಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದಿದ್ದೇನೆ.

ನೋಡಲು ಹೋಗಿದ್ದು ನಾಲ್ಕೈದು ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ. ಊರಿನ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದರಂತೆ. “ಬರ್ರಿ ಆನುರಾಯರ” ಎಂದು ಗೋಡೆಗೊರಗಿ ಕೂತರು. ನಾನು ಮೊದಲು ನೋಡಿದ್ದು ಹೆಬ್ಬೆರಳು. ಆ ಉಗುರೂ ಉಳಿದ ಒಂಬತ್ತರ ಹಾಗೆ ಮಂಕಾಗಿತ್ತು.

ಹೇಳಬೇಕಾದ್ದನ್ನು ಕೊನೆಗೂ ಹೇಳಿದೆ. ಅವತ್ತು ನೀವು ಹುಬ್ಬು ಗಂಟಿಕ್ಕಿದ್ದನ್ನು ನೋಡಿದ್ದೆ, ಇರ್ಲಿ ಅಂದರೆ ಯಾವ ಇರ್ಲಿ ಎಂದು ನನಗೆ ಅನುಮಾನ ಬಂದಿತ್ತು, ಊಟದ ಮನೆಗೆ ಬಂದು ಕೇಳಬಹುದಿತ್ತು, ಜೀಪು ನಿಂತಿತ್ತೆಂದು ಕೇಳಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ಒಂದೊಂದೇ ಮನೆ ತಿರುಗಿಸಿ ಕೇಳುತ್ತಿದ್ದರಲ್ಲ, ಹಾಗೆ.

“ಇರ್ಲಿ” ಎಂದರು.

ಆ ಮಳೆಗಾಲಕ್ಕೆ ಅವರು ತೀರಿಕೊಂಡರು. ಇರ್ಲಿ ಎಂದ ಮೇಲೆ ‘ಬಿಡ್ರಿ’ ಎಂದೂ ಸೇರಿಸಿದ್ದರೋ ಇಲ್ಲವೋ? ಎಷ್ಟು ತಿರುಗಿಸಿದರೂ ನೆನಪು ಅಲ್ಲಿಗೆ ಬಂದು ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. ಕೆಲವು ವರ್ಷ ಆ ಮಾತನ್ನು ಸೇರಿಸಿಕೊಂಡಿದ್ದೆ, ಹಗುರಾಗಿತ್ತು. ಈಗ ತೆಗೆದಿದ್ದೇನೆ.