ಅಕ್ಕ ಹೇಳಿದ ಎಂಜಿನ್ ಔಷಧಿ

ನನಗೆ ಕಾರು ಓಡಿಸಲು ಕಲಿಸಿದವಳು ಅಕ್ಕ. ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ನಡೆಸುವ ಆಕೆಗೆ ಯಂತ್ರಗಳೆಂದರೆ ಮನೆಮಕ್ಕಳಿದ್ದಂತೆ. ತನ್ನ ಹಳೆಯ ಪೆಟ್ರೋಲ್ ಕಾರನ್ನು ನನಗೆ ಕೊಡುವಾಗ, ಆಯಿಲ್‌ಗೆ ಬೆರೆಸುವ ದ್ರವದ ಒಂದು ಡಬ್ಬಿ ಕೈಗಿಟ್ಟು, "ಪ್ರತಿ ಸಲ ಆಯಿಲ್ ಬದ್ಲಿ ಮಾಡಿಸ್ದಾಗ ಅದ್ರಾಗ ಈ ಔಷಧಿ ಹಾಕಸು. ಎಂಜಿನ್ ಸವೆಯಂಗಿಲ್ಲ" ಎಂದಿದ್ದಳು. ನಾನಿರುವ ಬಳ್ಳಾರಿಯಲ್ಲಿ ವರ್ಷಗಟ್ಟಲೆ ಹಾಕಿಸಿದೆ. ಎಂಜಿನ್ ಸದ್ದಿಲ್ಲದೆ ಓಡುತ್ತಿತ್ತು.

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಕುರುಗೋಡಿಗೆ ಒಂದು ಸೀಮಂತಕ್ಕೆ ಹೊರಟಿದ್ದೆವು. ಎಕ್ಸಿಲರೇಟರ್ ಎಷ್ಟು ತುಳಿದರೂ ಕಾರು ವೇಗ ಹಿಡಿಯಲಿಲ್ಲ. ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು. ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಹೋಯಿತು.

"ಹ್ಯಾಂಡ್‌ಬ್ರೇಕ್ ಹಾಕೀಯೇನು ನೋಡು" ಎಂದಳು ಅಕ್ಕ. ಹಾಕಿರಲಿಲ್ಲ.

ಕುರುಗೋಡಿನ ಮೆಕ್ಯಾನಿಕ್ ಅಕ್ಕನಿಂದ ಔಷಧಿಯ ವಿಷಯ ಕೇಳಿಕೊಂಡು, ಎಂಜಿನ್ನಿನ ಪ್ಲಗ್ ಬಿಚ್ಚಿ ನೋಡಿದ. "ಪಿಸ್ಟನ್ ಸುತ್ತಿನ ರಿಂಗ್ ಸವದಾವ್ರಿ. ಸಂದಿನ್ಯಾಗ ಆಯಿಲ್ ನುಗ್ಗಿ ಸುಡಾಕತ್ತೈತಿ. ಔಷಧಿ ಹಾಕಿದ್ದಕ್ಕ ಇಷ್ಟು ದಿನ ಬಾಳಿಕಿ ಬಂದೈತಿ."

ಅಕ್ಕನ ಮುಖ ಅರಳಿತು.

ಮರುದಿನ ಬಳ್ಳಾರಿಯ ಗ್ಯಾರೇಜಿನವರು ಕಾರಿನಡಿಯ ಹೊಗೆಕೊಳವೆ ಬಿಚ್ಚಿ, ಒಳಗಿದ್ದ ಕ್ಯಾಟಲಿಟಿಕ್ ಕನ್ವರ್ಟರ್ ತೋರಿಸಿದರು. ಹೊಗೆಯ ವಿಷ ಕಳೆಯುವ ಭಾಗವಂತೆ. ಜೇನುಹುಟ್ಟಿನಂಥ ಅದರ ತೂತುಗಳಿಗೆಲ್ಲ ಬೂದಿ ಮೆತ್ತಿತ್ತು.

"ಔಷಧ್ಯಾಗಿನ ರಂಜಕ, ಸತು ಸುಟ್ಟು ಇಲ್ಲಿ ಬಂದು ಕೂಡ್ತಾವ್ರಿ. ಬರಬರ್ತಾ ಇದರ ಕೆಲಸ ನಿಂತೈತಿ. ಹೊಗಿ ಹೊರಗ ಹೋಗಾಕ ದಾರಿ ಇಲ್ದ ಕಾರು ಎಳೀವಲ್ದು."

"ಆಯಿಲ್ ಸುಡದಿದ್ರ?" ಎಂದು ಕೇಳಿದೆ.

"ಇಷ್ಟು ಕೂಡ್ತಿರಲಿಲ್ಲ."

"ಔಷಧಿ ಹಾಕದಿದ್ರ?"

ಅವರು ಕೈ ಒರೆಸಿಕೊಳ್ಳುತ್ತ ಯೋಚಿಸಿದರು. "ಬರೇ ಆಯಿಲ್‌ನ್ಯಾಗೂ ಅವು ಸ್ವಲ್ಪ ಇರ್ತಾವ್ರಿ. ಯಾವುದ್ರಿಂದ ಎಷ್ಟು ಅಂತ ಹೇಳಾಕ ಆಗಂಗಿಲ್ಲ."

ಹಾಗಾದರೆ ಎಂಜಿನ್ ಉಳಿಸಿದ್ದೇ ಕನ್ವರ್ಟರನ್ನು ಕೊಂದಿತೆ? ಎಂಜಿನ್ನನ್ನಾದರೂ ನಿಜಕ್ಕೂ ಉಳಿಸಿತ್ತೆ? ಯಾರ ಮಾತು ನಂಬಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. "ಹಂಗಾದ್ರ ನಾನಾ ಕೆಡಿಸಿದ್ನೇನು?" ಎಂದಳು. "ಊಟ ಆತೇನಕ್ಕ?" ಎಂದು ಕೇಳಿದೆ.

ರಿಂಗು, ಕನ್ವರ್ಟರ್ ಎರಡನ್ನೂ ಬದಲಿಸಿದ್ದಾಯಿತು. ಔಷಧಿಯಿಲ್ಲದೆ ಬರೀ ಆಯಿಲ್ ತುಂಬಿಸುವ ದಿನ ಅಕ್ಕ ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದಳು. ತಾನೇ ಓಡಿಸುತ್ತೇನೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರನ್ನು ಹತ್ತಿರದ ಕೊಳಗಲ್ಲಿನವರೆಗೆ ಒಯ್ದಳು. ಕಾರು ಮೊದಲಿನಂತೆ ಎಳೆಯುತ್ತಿತ್ತು. ಅಕ್ಕ ಎಸಿ ಆರಿಸಿ ಕಿವಿಗೊಟ್ಟಳು.

"ಔಷಧಿ ಇಲ್ದ ಎಂಜಿನ್ ಟಕಟಕ ಅನ್ನಾಕತ್ತೈತಲ್ಲ?"

ನಾನೂ ಕಿವಿಗೊಟ್ಟೆ. ಒಮ್ಮೆ ಕೇಳಿಸಿದಂತಾಯಿತು, ಒಮ್ಮೆ ಇಲ್ಲ.

"ಗೊತ್ತಾಗವಲ್ದಕ್ಕ" ಎಂದೆ.

"ನನಗೂ" ಎಂದು ಆಕೆ ಗೇರು ಬದಲಿಸಿದಳು.